ಒಂದು ಪೈಸೆಯ ಟಿಕೆಟ್ಟು

2021ರ ಆಗಸ್ಟಿನಲ್ಲಿ ನಾನು ಮುಚ್ಚಿದ ಒಂದು ಟಿಕೆಟ್ಟಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಆಗ ನಾನು ಪುಣೆಯ ಹಿಂಜವಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡದ ಲೀಡ್. ಸಾಲ ಕೊಡುವ ಸಂಸ್ಥೆಯೊಂದಕ್ಕೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಟಿಕೆಟ್ಟು ಹಾಕಿದವನು ಅಕ್ಕಲಕೋಟೆ ಕಡೆಯ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕೋವಿಡ್ ಕಾಲ, ಅವನು ಊರಿನ ಮನೆಯಿಂದ, ನಾನು ಪುಣೆಯ ಮನೆಯಿಂದ ಕೆಲಸ ಮಾಡುತ್ತಿದ್ದೆವು. ಮುಖತಃ ಒಮ್ಮೆಯೂ ಭೇಟಿಯಾಗಿರಲಿಲ್ಲ.

ಅವನು ಬರೆದ ದೂರು ಇಷ್ಟೇ: ಬಡ್ಡಿ ಲೆಕ್ಕದ ಒಂದು ಟೆಸ್ಟಿನಲ್ಲಿ ಉತ್ತರ ಒಂದು ಪೈಸೆ ಕಡಿಮೆ ಬರುತ್ತಿದೆ. ನಾನು ಅದರ ಕೆಳಗೆ ಹೀಗೆ ಬರೆದು ಮುಚ್ಚಿದೆ: "ಲ್ಯಾಪ್‌ಟಾಪ್ ಆರ್ಕಿಟೆಕ್ಚರ್ ಸಮಸ್ಯೆ. ಸರ್ವರಿನಲ್ಲಿ ಬರುವುದಿಲ್ಲ."

ಎರಡನೆಯ ವಾಕ್ಯ ಬರೆದ ದಿನ ನಿಜವೇ ಆಗಿತ್ತು. ಅದಕ್ಕೇ ನನ್ನ ತಪ್ಪು ನನಗೆ ಕಾಣಲು ಏಳು ತಿಂಗಳು ಹಿಡಿಯಿತು.

ಈ ಕೆಲಸದಲ್ಲಿ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಪ್ರೊಸೆಸರಿಗೆ ಅರ್ಥವಾಗುವುದು ಅದಕ್ಕೆ ಕಲಿಸಿಟ್ಟ ಒಂದಿಷ್ಟು ಆಜ್ಞೆಗಳು ಮಾತ್ರ: ಇದನ್ನು ಕೂಡು, ಅದನ್ನು ಗುಣಿಸು, ಇಲ್ಲಿಂದ ಓದು, ಅಲ್ಲಿ ಬರೆ. ಈ ಆಜ್ಞೆಗಳ ಕಟ್ಟನ್ನೇ ಆರ್ಕಿಟೆಕ್ಚರ್ ಅನ್ನುತ್ತೇವೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳದು ಎಕ್ಸ್86. 1978ರ ಇಂಟೆಲ್ 8086ರಿಂದ ಇಳಿದು ಬಂದ ಮನೆತನ. ನಮ್ಮ ಮೊಬೈಲುಗಳೊಳಗೆ ಇರುವುದು ಆರ್ಮ್. ಅದರ ಮೊದಲ ಚಿಪ್ಪು 1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ತಯಾರಾಯಿತು. ಒಂದಕ್ಕಾಗಿ ಕಟ್ಟಿದ ಪ್ರೋಗ್ರಾಮು ಇನ್ನೊಂದರ ಮೇಲೆ ಹಾಗೇ ಓಡುವುದಿಲ್ಲ.

ಬಹಳ ವರ್ಷ ಇದು ನಮಗೆ ತಲೆನೋವಾಗಿರಲಿಲ್ಲ. ಲ್ಯಾಪ್‌ಟಾಪ್ ಇಂಟೆಲ್, ಸರ್ವರ್ ಇಂಟೆಲ್, ಟೆಸ್ಟಿಂಗ್ ಟೂಲುಗಳನ್ನು ಬರೆದವರ ಮೇಜಿನ ಮೇಲೂ ಇಂಟೆಲ್. 2020ರ ನವೆಂಬರಿನಲ್ಲಿ ಆ್ಯಪಲ್ ಕಂಪನಿ ಇಂಟೆಲ್ ಬಿಟ್ಟು ತನ್ನದೇ ಆರ್ಮ್ ಚಿಪ್ಪು ಎಂ1 ಇಟ್ಟ ಲ್ಯಾಪ್‌ಟಾಪುಗಳನ್ನು ತಂದಿತು. ಹಳೆಯ ಇಂಟೆಲ್ ಪ್ರೋಗ್ರಾಮುಗಳನ್ನು ಆರ್ಮ್ ಆಜ್ಞೆಗಳಿಗೆ ತರ್ಜುಮೆ ಮಾಡಿ ಓಡಿಸಲು ರೋಸೆಟಾ 2 ಎಂಬ ದುಭಾಷಿಯನ್ನೂ ಜೊತೆಗೆ ಕೊಟ್ಟಿತು. ಮರುವರ್ಷ ಜೂನಿನಲ್ಲಿ ನಮ್ಮ ತಂಡಕ್ಕೆ ಅಂಥ ಲ್ಯಾಪ್‌ಟಾಪುಗಳು ಕೊರಿಯರಿನಲ್ಲಿ ಬಂದವು.

ಮೊದಲ ದಿನ ಎಲ್ಲರಿಗೂ ಖುಷಿ. ಫ್ಯಾನಿನ ಸದ್ದಿಲ್ಲ, ತೊಡೆ ಸುಡುವುದಿಲ್ಲ, ಚಾರ್ಜು ಇಳಿಯುವುದೇ ಇಲ್ಲ. ಎರಡನೆಯ ದಿನ ಟೂಲುಗಳನ್ನು ಹಾಕಲು ಕೂತಾಗ ಕಷ್ಟ ಶುರುವಾಯಿತು.

ವೆಬ್ ಪುಟಗಳನ್ನು ನಾವು ಸೆಲೆನಿಯಂನಿಂದ ಪರೀಕ್ಷಿಸುತ್ತಿದ್ದೆವು. ಡಾಕರ್ ಕಂಟೇನರಿನೊಳಗೆ ಲಿನಕ್ಸ್ ಮತ್ತು ಕ್ರೋಮ್ ಇರುತ್ತಿದ್ದವು. ಡಾಕರ್ ಎಂ1ಗೆ ಸರಿಯಾಗಿ ಬಂದದ್ದೇ ಆ ವರ್ಷದ ಏಪ್ರಿಲಿನಲ್ಲಿ. ಅದು ಬಂದರೂ ನಮ್ಮ ಕಂಟೇನರಿನ ಇಮೇಜು ಇಂಟೆಲ್‌ಗೆ ಕಟ್ಟಿದ್ದು. ಆರ್ಮ್ ಲಿನಕ್ಸಿಗೆ ಗೂಗಲ್ ಆಗ ಕ್ರೋಮ್ ಕೊಡುತ್ತಲೇ ಇರಲಿಲ್ಲ. ರೋಸೆಟಾ ಇದೆಯಲ್ಲ ಅಂದರೆ, ಅದು ಆಗ ನೋಡಿಕೊಳ್ಳುತ್ತಿದ್ದುದು ಮ್ಯಾಕ್‌ನ ಪ್ರೋಗ್ರಾಮುಗಳನ್ನು ಮಾತ್ರ. ಕಂಟೇನರಿನೊಳಗಿನ ಲಿನಕ್ಸ್ ಪ್ರೋಗ್ರಾಮುಗಳಿಗೆ ಕ್ಯೂಎಮು ಎಂಬ ಬೇರೆ ಎಮ್ಯುಲೇಟರ್. ಅದರ ಮೇಲೆ ಕ್ರೋಮ್ ಒಮ್ಮೆ ಹತ್ತು ನಿಮಿಷ ಓಡಿದರೆ ಇನ್ನೊಮ್ಮೆ ತೆರೆಯುವ ಮೊದಲೇ "ಸೆಗ್ಮೆಂಟೇಶನ್ ಫಾಲ್ಟ್" ಅಂತ ಬಿದ್ದುಹೋಗುತ್ತಿತ್ತು. ಕೊನೆಗೆ ಸ್ವಯಂಸೇವಕರು ಕಟ್ಟಿದ್ದ ಆರ್ಮ್ ಇಮೇಜು ಸಿಕ್ಕಿತು. ಅದರಲ್ಲಿ ಕ್ರೋಮ್ ಬದಲು ಕ್ರೋಮಿಯಂ. ಅದನ್ನೇ ಹಿಡಿದುಕೊಂಡೆವು.

ಡೇಟಾಬೇಸಿನದು ಇನ್ನೊಂದು ಕಥೆ. ನಮ್ಮದು ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್. ಅದರ ಕಂಟೇನರು ಎಂ1ನಲ್ಲಿ ಏಳಲೇ ಇಲ್ಲ. ಆರ್ಮ್ ಮೇಲೆ ಓಡುವ ಅಜ್ಯೂರ್ ಎಸ್‌ಕ್ಯುಎಲ್ ಎಡ್ಜ್ ಅಂತ ಅದರ ತಮ್ಮನೊಬ್ಬ ಇದ್ದ. ಅವನನ್ನು ಕೂರಿಸಿದೆವು. ಆದರೆ ಅಣ್ಣನಿಗೆ ಗೊತ್ತಿದ್ದ ಪೂರ್ಣಪಠ್ಯ ಹುಡುಕಾಟದಂಥ ಕೆಲವು ವಿದ್ಯೆ ತಮ್ಮನಿಗೆ ಬರುತ್ತಿರಲಿಲ್ಲ. ಆ ವಿದ್ಯೆ ಬೇಕಾದ ಟೆಸ್ಟುಗಳು ಹೋದವು.

ಆಂಡ್ರಾಯ್ಡ್ ಎಮ್ಯುಲೇಟರು ನೇರವಾಗಿ ಹೇಳಿತು: ನೀನು ಇಟ್ಟಿರುವ ಫೋನಿನ ಇಮೇಜು ಎಕ್ಸ್86ನದು, ಈ ಯಂತ್ರದ ಮೇಲೆ ಅದನ್ನು ಓಡಿಸಲಾರೆ. ಆರ್ಮ್ ಇಮೇಜು ಇಳಿಸಿಕೊಂಡ ಮೇಲೆ ಕೆಲಸವಾಯಿತು. ಆಗ ನನಗೆ ಒಂದು ಯೋಚನೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಸಾಲಗಾರರ ಕೈಯಲ್ಲಿದ್ದ ಫೋನುಗಳು ಆರ್ಮ್‌ನವು. ಅಷ್ಟು ವರ್ಷ ನಾವು ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಎಕ್ಸ್86 ಆಂಡ್ರಾಯ್ಡ್ ಓಡಿಸಿ, "ಫೋನಿನಲ್ಲಿ ಸರಿಯಾಗಿದೆ" ಅಂತ ಸಹಿ ಹಾಕುತ್ತ ಬಂದಿದ್ದೆವು. ಟೂಲುಗಳು ಬೆಂಬಲಿಸದ ಈ ಲ್ಯಾಪ್‌ಟಾಪೇ ಗಿರಾಕಿಯ ಫೋನಿಗೆ ಹೆಚ್ಚು ಹತ್ತಿರವಿತ್ತು.

ಹೀಗೆ ಮೂರು ವಾರ ಹೋಯಿತು. ಬಿಡುಗಡೆಯ ದಿನಾಂಕ ಮಾತ್ರ ಇದ್ದಲ್ಲೇ ಇತ್ತು. ನಾನು ಒಂದು ಎಕ್ಸೆಲ್ ಹಾಳೆ ಮಾಡಿದೆ. ಓಡದ ಟೆಸ್ಟುಗಳ ಹೆಸರು ಒಂದು ಕಾಲಮ್ಮಿನಲ್ಲಿ, ಕಾರಣ ಇನ್ನೊಂದರಲ್ಲಿ. ಮೊದಮೊದಲು ಕಾರಣಗಳನ್ನು ಚೆನ್ನಾಗಿಯೇ ಬರೆದೆ: ಕ್ಯೂಎಮುನಲ್ಲಿ ಕ್ರೋಮ್ ಬೀಳುತ್ತದೆ, ಎಸ್‌ಕ್ಯುಎಲ್ ಎಡ್ಜ್‌ನಲ್ಲಿ ಈ ಸೌಲಭ್ಯವಿಲ್ಲ, ಇತ್ಯಾದಿ. ಇಪ್ಪತ್ತು ಸಾಲಾದ ಮೇಲೆ ಬೇಸರವಾಯಿತು. ಆಮೇಲಿನ ಸಾಲುಗಳಲ್ಲೆಲ್ಲ ಒಂದೇ ಪದ: "ಆರ್ಮ್". ಕೆಳಗೆ ಎಳೆದರೆ ಎಕ್ಸೆಲ್ ತಾನೇ ತುಂಬಿಕೊಡುತ್ತದಲ್ಲ.

ಆ ಪದ ಬಹಳ ಅನುಕೂಲದ್ದಾಗಿತ್ತು. ಮ್ಯಾನೇಜರಿಗೆ ಹೇಳಿದರೆ ತಲೆಯಾಡಿಸುತ್ತಿದ್ದರು. ಡೆವಲಪರುಗಳಿಗೆ ಸಂತೋಷ. ಟೆಸ್ಟು ಕೆಂಪಾದರೆ ಮೊದಲು ಕೇಳುವ ಪ್ರಶ್ನೆಯೇ "ಯಾರ ಲ್ಯಾಪ್‌ಟಾಪಿನಲ್ಲಿ?" ಅಂತ ಆಯಿತು. ಹೊಸ ಲ್ಯಾಪ್‌ಟಾಪು ಅಂದರೆ ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವರು ನಾವು.

ಬಡ್ಡಿ ಲೆಕ್ಕದ ಸರ್ವಿಸನ್ನು ಆ ವರ್ಷ ಹೊಸದಾಗಿ ಗೋ ಭಾಷೆಯಲ್ಲಿ ಬರೆದಿದ್ದರು. ಗೋ ಆಗಲೇ ಎಂ1ಗೆ ಸಿದ್ಧವಾಗಿತ್ತು, ಫೆಬ್ರವರಿಯ 1.16ರಲ್ಲೇ ಬಂದಿತ್ತು. ಹಾಗಾಗಿ ಅದರ ಟೆಸ್ಟುಗಳು ಯಾವ ಎಮ್ಯುಲೇಟರಿನ ಹಂಗೂ ಇಲ್ಲದೆ ನೇರವಾಗಿ ಓಡುತ್ತಿದ್ದವು. ಒಂದು ಬಿಟ್ಟು ಎಲ್ಲ ಹಸಿರು.

ಹುಡುಗ ಅದನ್ನು ಟಿಕೆಟ್ಟು ಹಾಕಿ ಫೋನೂ ಮಾಡಿದ.

"ಅಕ್ಕಾರ, ಇದು ಲ್ಯಾಪ್‌ಟಾಪಿನ ತಪ್ಪಲ್ಲ ಅನಸ್ತದ್ರಿ. ಒಂದ ಮಷೀನಿನ್ಯಾಗ ಎರಡು ಥರಾ ಓಡಿಸಿ ನೋಡೀನ್ರಿ. ಆರ್ಮ್‌ಗೆ ಕಟ್ಟಿ ಓಡಿಸಿದ್ರ ಒಂದು ಪೈಸಾ ಕಡಿಮಿ. ಇಂಟೆಲ್‌ಗೆ ಕಟ್ಟಿ ರೋಸೆಟಾದಾಗ ಓಡಿಸಿದ್ರ ಪಾಸ್ ಆಗ್ತದ."

"ನಮ್ಮ ಸರ್ವರ್ ಯಾವುದಪಾ?"

"ಇಂಟೆಲ್‌ರಿ."

"ಇಂಟೆಲ್ ಥರಾ ಓಡಿಸಿದಾಗ ಪಾಸ್ ಆತಲ್ಲ. ಮತ್ತೇನು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಆದ್ರ ಅಕ್ಕಾರ, ಎರಡರಾಗ ಖರೆ ಉತ್ತರ ಯಾವ್ದು ಅನ್ನೂದು ನಮಗ ಗೊತ್ತಿಲ್ಲಲ್ರಿ."

ನನಗೆ ಇನ್ನೊಂದು ಮೀಟಿಂಗಿತ್ತು. ಬಿಡಪಾ ಅದನ್ನ, ಅಂದೆ.

ಒಂದೇ ಯಂತ್ರದಲ್ಲಿ ಎರಡು ಸಲ ಓಡಿಸಿ ನೋಡಿದ್ದು ಒಳ್ಳೆಯ ಪ್ರಯೋಗ. ಲ್ಯಾಪ್‌ಟಾಪು ಅದೇ, ಕೋಡು ಅದೇ, ಟೆಸ್ಟು ಅದೇ. ಬದಲಾದದ್ದು ಆಜ್ಞೆಗಳ ಕಟ್ಟು ಮಾತ್ರ. ಅಷ್ಟು ಅಚ್ಚುಕಟ್ಟಾಗಿ ಅನುಮಾನವನ್ನು ಒಂದೇ ಕಡೆಗೆ ತಂದು ನಿಲ್ಲಿಸಿದ್ದ. ನಾನು ಅದೇ ಪ್ರಯೋಗವನ್ನು ತಿರುವಿಹಾಕಿ ಟಿಕೆಟ್ಟು ಮುಚ್ಚಲು ಬಳಸಿಕೊಂಡೆ.

ಇದು ಅವನಿಗೆ ಹೇಗೆ ಬಂತು ಅನ್ನುವುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅವನು ಕೋರ್ಸು ಕಲಿತದ್ದು ಅಣ್ಣನ ಹಳೆಯ ಪೆಂಟಿಯಂ ಲ್ಯಾಪ್‌ಟಾಪಿನಲ್ಲಿ. ಇಂಟೆಲ್ ತನ್ನ ಕೋರ್ ಐ3, ಐ5ಗಳಿಗೆ 2011ರಿಂದಲೇ ಕೊಡುತ್ತ ಬಂದ ಎವಿಎಕ್ಸ್ ಎಂಬ ಆಜ್ಞೆಗಳ ಗುಂಪನ್ನು ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಿಗೆ ಬಹಳ ವರ್ಷ ಕೊಡಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಎಕ್ಸ್86, ಎಲ್ಲವೂ ಇಂಟೆಲ್. ಮೊಂಗೋಡಿಬಿ 5.0 ಬಂದಾಗ ಅದಕ್ಕೆ ಎವಿಎಕ್ಸ್ ಬೇಕೇ ಬೇಕು. ಇಲ್ಲದ ಯಂತ್ರದಲ್ಲಿ ಅದು "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಎರಡು ಪದ ಹೇಳಿ ಸಾಯುತ್ತದೆ. ಟೆನ್ಸರ್‌ಫ್ಲೋದ ಸಿದ್ಧ ಪ್ಯಾಕೇಜುಗಳದೂ 2018ರ 1.6ರಿಂದ ಇದೇ ಕಥೆ. ಪಾಠ ಹೇಳುವವರು ಹೊಸ ಯಂತ್ರ ಇಟ್ಟುಕೊಂಡಿರುತ್ತಾರೆ, ಅವರಿಗೆ ಇದು ಕಾಣುವುದಿಲ್ಲ. ಹುಡುಗನಿಗೆ ಯಾವ ಟೂಲೂ ಹೇಳಿದ ಹಾಗೆ ಓಡುತ್ತಿರಲಿಲ್ಲವಾದ್ದರಿಂದ, ಬಿದ್ದದ್ದು ಯಾಕೆ ಬಿತ್ತು, ಯಾವ ಆಜ್ಞೆಗೆ ಬಿತ್ತು ಅಂತ ಪ್ರತಿ ಸಲ ಹುಡುಕಿ ತಿಳಿದುಕೊಳ್ಳುವುದೇ ಅಭ್ಯಾಸವಾಗಿಬಿಟ್ಟಿತ್ತು. "ನನ್ನ ಮಷೀನು ಸರಿಯಿಲ್ಲ" ಅಂತ ಕೈಬಿಡುವ ಸೌಕರ್ಯ ಅವನಿಗೆ ಇರಲೇ ಇಲ್ಲ. ನನಗೆ ಇತ್ತು.

ಅಕ್ಟೋಬರಿನಲ್ಲಿ ಅವನ ಪ್ರೊಬೇಶನ್ ಮುಗಿಯುವುದಿತ್ತು. ಅಭಿಪ್ರಾಯ ಬರೆಯಬೇಕಾದವಳು ನಾನು. "ಶ್ರಮಜೀವಿ. ಆದರೆ ಯಂತ್ರದ ಸಮಸ್ಯೆಗಳನ್ನೂ ದೋಷವೆಂದು ದಾಖಲಿಸುತ್ತಾನೆ, ವಿವೇಚನೆ ಬೆಳೆಯಬೇಕು" ಅಂತ ಬರೆದೆ. ಪ್ರೊಬೇಶನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಅವನು ಏನೂ ಅನ್ನಲಿಲ್ಲ. ಆದರೆ ಅದರ ನಂತರ ಅವನಿಂದ ಬರುವ ಟಿಕೆಟ್ಟುಗಳು ಕಡಿಮೆಯಾದವು. ಸುಧಾರಿಸಿದ್ದಾನೆ ಅಂದುಕೊಂಡೆ.

2022ರ ಮಾರ್ಚಿನಲ್ಲಿ ಖರ್ಚು ಇಳಿಸಲು ನಮ್ಮ ಸರ್ವರುಗಳಲ್ಲಿ ಕೆಲವನ್ನು ಅಮೆಜಾನಿನ ಗ್ರಾವಿಟಾನ್ ಯಂತ್ರಗಳಿಗೆ ಸಾಗಿಸಿದರು. ಗ್ರಾವಿಟಾನ್ ಅಂದರೆ ಆರ್ಮ್. ಬಾಡಿಗೆ ಕಡಿಮೆ, ಗೋ ಪ್ರೋಗ್ರಾಮುಗಳನ್ನು ಇನ್ನೊಮ್ಮೆ ಕಟ್ಟಿದರೆ ಸಾಕು, ಒಂದಕ್ಷರವೂ ಬದಲಿಸಬೇಕಿಲ್ಲ. ಬಡ್ಡಿಯ ಸರ್ವಿಸು ಮೊದಲ ಕಂತಿನಲ್ಲೇ ಹೋಯಿತು. ಸಾಗಣೆಯ ಮೀಟಿಂಗಿನಲ್ಲಿ ನಾನೂ ಇದ್ದೆ. ಆರ್ಮ್ ಅನ್ನುವ ಪದ ಹತ್ತು ಸಲ ಕೇಳಿದೆ. ನನ್ನ ಎಕ್ಸೆಲ್ ಹಾಳೆ ನೆನಪಾಗಲಿಲ್ಲ.

ಸಾಲ ಕೊಡುವ ಸಂಸ್ಥೆಯ ಹಳೆಯ ಲೆಕ್ಕದ ವ್ಯವಸ್ಥೆ ಜಾವಾದಲ್ಲಿ, ಇಂಟೆಲ್ ಮೇಲೆಯೇ ಉಳಿದಿತ್ತು. ಪ್ರತಿ ರಾತ್ರಿ ಎರಡೂ ಲೆಕ್ಕ ತಾಳೆ ನೋಡುವ ಕೆಲಸ ನಡೆಯುತ್ತದೆ. ಒಂದು ಪೈಸೆ ಹೊಂದದಿದ್ದರೂ ಅದು ನಿಲ್ಲಬೇಕು ಅಂತ ಯಾರೋ ಬಹಳ ಹಿಂದೆ ಬರೆದಿಟ್ಟಿದ್ದರು. ತಿಂಗಳ ಕೊನೆಯ ರಾತ್ರಿ ಅದು ನಿಂತಿತು. ಮೂವತ್ತೇಳು ಖಾತೆಗಳು, ತಲಾ ಒಂದು ಪೈಸೆ. ಬೆಳಿಗ್ಗೆ ಹೋಗಬೇಕಾದ ಸ್ಟೇಟ್‌ಮೆಂಟುಗಳು ಹೋಗಲಿಲ್ಲ. ಕಂತು ಕಟ್ಟಬೇಕಾದವರು ಎಷ್ಟು ಕಟ್ಟಬೇಕು ಅಂತ ಕೇಳಿ ಫೋನು ಮಾಡತೊಡಗಿದರು.

ರಾತ್ರಿ ಎರಡಕ್ಕೆ ಕರೆಗೆ ಸೇರಿಕೊಂಡೆ. ಹತ್ತು ಜನ ಡೇಟಾಬೇಸು ನೋಡುತ್ತಿದ್ದರು, ಟೈಂಜೋನು ನೋಡುತ್ತಿದ್ದರು, ಸಾಗಣೆಯಲ್ಲಿ ಕಳೆದ ದಾಖಲೆ ಹುಡುಕುತ್ತಿದ್ದರು. ನಾಲ್ಕು ಗಂಟೆ ಸುಮಾರಿಗೆ ಹುಡುಗ ಚಾಟಿನಲ್ಲಿ ಒಂದು ಲಿಂಕು ಹಾಕಿದ. ಮಾತಿಲ್ಲ, ಲಿಂಕು ಅಷ್ಟೇ. ಒತ್ತಿದರೆ ಆಗಸ್ಟಿನ ಟಿಕೆಟ್ಟು, ಕೆಳಗೆ ನನ್ನ ಎರಡು ವಾಕ್ಯ. ಕರೆಯಲ್ಲಿದ್ದ ಹತ್ತೂ ಜನ ಅದನ್ನು ಓದಿದರು.

ಆದದ್ದೇನು ಅಂತ ಹೇಳುತ್ತೇನೆ. ಕಂಪ್ಯೂಟರು ದಶಮಾಂಶಗಳನ್ನು ಪೂರ್ತಿ ಬರೆದಿಡುವುದಿಲ್ಲ. ಅದರ ಪುಸ್ತಕದಲ್ಲಿ ಇಷ್ಟೇ ಅಂಕಿಗೆ ಜಾಗ ಅಂತ ಇರುತ್ತದೆ, ಉಳಿದದ್ದನ್ನು ಹತ್ತಿರದ ಅಂಕಿಗೆ ಸರಿಮಾಡಿ ಬಿಡುತ್ತದೆ. ಒಬ್ಬ ಗುಮಾಸ್ತನಿಗೆ ಮೂರು ಅಂಕಿಗಿಂತ ಹೆಚ್ಚು ಬರೆಯಬಾರದು, ಮುಂದಿನ ಅಂಕಿ 5 ಅಥವಾ ಹೆಚ್ಚಿದ್ದರೆ ಏರಿಸಬೇಕು ಅಂತ ಕಟ್ಟಳೆ ಇದೆ ಅಂದುಕೊಳ್ಳಿ. 1.34ನ್ನು 1.75ರಿಂದ ಗುಣಿಸಿ 10.1 ಕೂಡಿಸಬೇಕು. ಗುಣಲಬ್ಧ 2.345. ಮೂರೇ ಅಂಕಿಯಾದ್ದರಿಂದ 2.35 ಅಂತ ಬರೆಯುತ್ತಾನೆ. 10.1 ಕೂಡಿದರೆ 12.45, ಮತ್ತೆ ಮೂರು ಅಂಕಿಗೆ ತಂದರೆ 12.5. ಇನ್ನೊಬ್ಬ ಗುಮಾಸ್ತ ಗುಣಲಬ್ಧವನ್ನು ಬರೆಯದೆ ಬಾಯಲ್ಲೇ ಇಟ್ಟುಕೊಂಡು ಕೂಡಿಸಿಬಿಡುತ್ತಾನೆ: 12.445. ಕೊನೆಗೊಮ್ಮೆ ಬರೆಯುವಾಗ 12.4. ಇಬ್ಬರೂ ಕಟ್ಟಳೆ ಮೀರಲಿಲ್ಲ, ಆದರೂ ಉತ್ತರ ಬೇರೆ.

ಆರ್ಮ್ ಪ್ರೊಸೆಸರಿನಲ್ಲಿ ಗುಣಿಸುವುದು ಮತ್ತು ಕೂಡಿಸುವುದನ್ನು ಒಂದೇ ಏಟಿಗೆ ಮಾಡಿ ಒಮ್ಮೆ ಮಾತ್ರ ಸರಿಮಾಡುವ ಆಜ್ಞೆ ಇದೆ. ಗೋ ಭಾಷೆಯ ನಿಯಮಗಳು ಕಂಪೈಲರಿಗೆ ಅದನ್ನು ಬಳಸಲು ಒಪ್ಪಿಗೆ ಕೊಡುತ್ತವೆ. 64 ಬಿಟ್ಟಿನ ಆರ್ಮ್‌ಗೆ ಕಟ್ಟುವಾಗ ಅದು ಬಳಸುತ್ತದೆ. ಇಂಟೆಲ್‌ಗೆ ಸಾಮಾನ್ಯವಾಗಿ ಕಟ್ಟುವಾಗ ಬಳಸುವುದಿಲ್ಲ, ಯಾಕೆಂದರೆ ಹಳೆಯ ಇಂಟೆಲ್ ಯಂತ್ರಗಳಲ್ಲಿ ಆ ಆಜ್ಞೆಯೇ ಇಲ್ಲ. ಜಾವಾ ತಾನಾಗಿ ಹೀಗೆ ಬೆಸೆಯುವುದೇ ಇಲ್ಲ. ವ್ಯತ್ಯಾಸ ಇರುವುದು ಹದಿನಾರನೆಯ ಅಂಕಿಯ ಆಸುಪಾಸಿನಲ್ಲಿ, ಯಾರಿಗೂ ಕಾಣದಷ್ಟು ಕೆಳಗೆ. ಆದರೆ ದಿನದ ಬಡ್ಡಿಯನ್ನು ಸೇರಿಸುತ್ತ ಬಂದ ಮೊತ್ತ ಸರಿಯಾಗಿ ಅರ್ಧ ಪೈಸೆಯ ಅಂಚಿನ ಮೇಲೆ ನಿಂತಿದ್ದರೆ, ಕಾಣದ ಆ ಅಂಕಿ ಅದನ್ನು ಈ ಕಡೆಗೋ ಆ ಕಡೆಗೋ ದೂಡುತ್ತದೆ.

ಹುಡುಗ ಕೇಳಿದ್ದ ಪ್ರಶ್ನೆ ಆಗ ನೆನಪಾಯಿತು: ಖರೆ ಉತ್ತರ ಯಾವುದು? ಟೆಸ್ಟಿನಲ್ಲಿ "ಬರಬೇಕಾದ ಉತ್ತರ" ಅಂತ ಇದ್ದ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿದೆವು. ಕೋಡು ಬರೆದ ದಿನ ಇಂಟೆಲ್ ಯಂತ್ರದಲ್ಲಿ ಒಮ್ಮೆ ಓಡಿಸಿ, ಬಂದ ಉತ್ತರವನ್ನೇ ಅಂಟಿಸಿದ್ದರು. ಯಾರೂ ಕೈಯಲ್ಲಿ ಲೆಕ್ಕ ಹಾಕಿರಲಿಲ್ಲ. ಅಂದರೆ ಆ ಟೆಸ್ಟು ಬಡ್ಡಿಯನ್ನು ಪರೀಕ್ಷಿಸುತ್ತಲೇ ಇರಲಿಲ್ಲ. ನಿನ್ನೆಯ ಇಂಟೆಲ್ ಮತ್ತು ಇಂದಿನ ಇಂಟೆಲ್ ಒಂದೇ ಮಾತು ಹೇಳುತ್ತವೆಯೇ ಅಂತ ಮಾತ್ರ ನೋಡುತ್ತಿತ್ತು. ಅದನ್ನು ಒಪ್ಪಿ ಸಹಿ ಹಾಕಿದವಳೂ ನಾನೇ.

ದುಡ್ಡನ್ನು ಇಂಥ ಅಂದಾಜು ದಶಮಾಂಶದಲ್ಲಿ ಇಡಬಾರದು ಅನ್ನುವುದು ಈ ವೃತ್ತಿಯ ಹಳೆಯ ಪಾಠ. ಪೈಸೆಗಳನ್ನು ಪೂರ್ಣಾಂಕವಾಗಿ ಇಡಬೇಕು, ಇಲ್ಲವೇ ದಶಮಾಂಶಕ್ಕೆಂದೇ ಮಾಡಿದ ವಿಧಾನ ಬಳಸಬೇಕು, ಎಲ್ಲಿ ಸರಿಮಾಡಬೇಕು ಅನ್ನುವುದನ್ನು ಬರೆದಿಡಬೇಕು. ದೋಷ ಇದ್ದದ್ದು ಅಲ್ಲಿ. ಇಂಟೆಲ್ ಅದನ್ನು ಮುಚ್ಚಿಟ್ಟಿತ್ತು, ಆರ್ಮ್ ಲ್ಯಾಪ್‌ಟಾಪು ತೋರಿಸಿಕೊಟ್ಟಿತ್ತು.

ನನ್ನ ತಂದೆ ರಾಣೆಬೆನ್ನೂರಿನಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರಾಗಿದ್ದರು. ಕಿರ್ದಿ ಹೊಂದದ ರಾತ್ರಿ ಊಟಕ್ಕೆ ಬರುತ್ತಿರಲಿಲ್ಲ. ಒಮ್ಮೆ ಒಂದು ರೂಪಾಯಿ ಹೊಂದದೆ ಹನ್ನೊಂದು ಗಂಟೆಯಾಯಿತು. ಬುತ್ತಿ ಕೊಡಲು ಹೋಗಿದ್ದ ನಾನು, ನಿಮ್ಮ ಜೇಬಿನಿಂದ ಒಂದು ರೂಪಾಯಿ ಹಾಕಿಬಿಡ್ರಿ ಅಪ್ಪಾ, ಅಂದೆ. ಅವರು ತಲೆ ಎತ್ತದೆ ಹೇಳಿದರು: "ಇದು ಒಂದು ರೂಪಾಯಿದ ತಪ್ಪು ಅಂತ ಹೆಂಗ ಹೇಳ್ತಿ? ಸಾವಿರದ್ದೊಂದು ಹೆಚ್ಚಾಗಿ ಒಂಬೈನೂರಾ ತೊಂಬತ್ತೊಂಬತ್ತು ಕಡಿಮಿ ಆಗಿರಬಹುದು." ಅದನ್ನು ನಾನು ಮರೆತಿದ್ದೆ ಅಂತಲ್ಲ. ಸಂದರ್ಶನಗಳಲ್ಲಿ ಇದೇ ಕಥೆ ಹೇಳಿ ಕೆಲಸ ಗಿಟ್ಟಿಸಿದ್ದೇನೆ.

ತುರ್ತಿಗೆ ಗುಣಲಬ್ಧವನ್ನು ಬೇರೆಯಾಗಿ ಸರಿಮಾಡಿಸುವ ಒಂದು ಸಣ್ಣ ಬದಲಾವಣೆ ಹಾಕಿದೆವು. ಗೋದಲ್ಲಿ ಗುಣಲಬ್ಧವನ್ನು ಸ್ಪಷ್ಟವಾಗಿ ಅದೇ ವಿಧಕ್ಕೆ ಪರಿವರ್ತಿಸು ಅಂತ ಬರೆದರೆ ಕಂಪೈಲರು ಎರಡನ್ನೂ ಬೆಸೆಯುವಂತಿಲ್ಲ. ಸಂಜೆಯೊಳಗೆ ಸ್ಟೇಟ್‌ಮೆಂಟುಗಳು ಹೋದವು. ಲೆಕ್ಕವನ್ನು ಪೂರ್ಣಾಂಕಕ್ಕೆ ತರಲು ಇನ್ನೂ ಎರಡು ತಿಂಗಳು ಬೇಕಾಯಿತು. ಅದರ ಟೆಸ್ಟುಗಳ ಉತ್ತರಗಳನ್ನು ಈ ಸಲ ಹುಡುಗ ಮತ್ತು ನಾನು ಕಾಗದದ ಮೇಲೆ ಬೇರೆಬೇರೆಯಾಗಿ ಹಾಕಿ ಹೋಲಿಸಿದೆವು. ಮೊದಲ ಸಲ ನಾನು ಎರಡು ಕಡೆ ತಪ್ಪಿದ್ದೆ.

ಆಮೇಲೆ ಆ ಎಕ್ಸೆಲ್ ಹಾಳೆ ತೆಗೆದೆ. "ಆರ್ಮ್" ಅಂತ ಇದ್ದ ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿದೆವು. ಒಂದು: ಟೂಲು ಓಡುತ್ತಿಲ್ಲವೋ, ಟೂಲು ಓಡಿ ಉತ್ತರ ಬೇರೆ ಬರುತ್ತಿದೆಯೋ? ಕ್ರೋಮ್ ತೆರೆಯದಿದ್ದರೆ ಅದು ಸಾಮಾನಿನ ತೊಂದರೆ; ತೆರೆದು ಬೇರೆ ಉತ್ತರ ಕೊಟ್ಟರೆ ಅದು ವಿಚಾರಿಸಬೇಕಾದ ಸಂಗತಿ. ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೆ. ಎರಡು: ಇಲ್ಲಿ ಓಡಿಸದೆ ಬಿಟ್ಟದ್ದನ್ನು ಬೇರೆ ಯಾವ ಯಂತ್ರದಲ್ಲಿ ಓಡಿಸುತ್ತಿದ್ದೇವೆ? ಉತ್ತರ "ಎಲ್ಲೂ ಇಲ್ಲ" ಅಂತ ಬಂದ ಸಾಲುಗಳು ಒಂಬತ್ತಿದ್ದವು. ಮೂರು: ಈ ಬಿಡುವಿಕೆ ಯಾವ ದಿನದವರೆಗೆ?

ವಿಚಾರಿಸುತ್ತ ಹೋದಂತೆ ಇನ್ನೊಂದು ಸಿಕ್ಕಿತು. ಎರಡು ಕೆಲಸಗಳು ಒಟ್ಟಿಗೆ ನಡೆಯುವ ಒಂದು ಟೆಸ್ಟು ಹೊಸ ಲ್ಯಾಪ್‌ಟಾಪುಗಳಲ್ಲಿ ಅಪರೂಪಕ್ಕೊಮ್ಮೆ ಕೆಂಪಾಗುತ್ತಿತ್ತು. ಎಕ್ಸ್86 ಪ್ರೊಸೆಸರು ಮೆಮೊರಿಗೆ ಬರೆದದ್ದನ್ನು ಬರೆದ ಕ್ರಮದಲ್ಲೇ ಬೇರೆ ಕೋರುಗಳಿಗೆ ತೋರಿಸುತ್ತದೆ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ. ಕ್ರಮ ಬೇಕಿದ್ದರೆ ಕೋಡು ಬರೆದವರು ಕೇಳಬೇಕು. ನಮ್ಮವರು ಕೇಳಿರಲಿಲ್ಲ. ಅದೇ ಕೋಡನ್ನು ರೋಸೆಟಾದಲ್ಲಿ ಓಡಿಸಿದರೆ ತಪ್ಪು ಕಾಣುವುದೇ ಇಲ್ಲ, ಯಾಕೆಂದರೆ ರೋಸೆಟಾ ಓಡುವಾಗ ಆ್ಯಪಲ್ ಚಿಪ್ಪು ಇಂಟೆಲ್‌ನ ಕ್ರಮವನ್ನೇ ಪಾಲಿಸುವ ವ್ಯವಸ್ಥೆ ಮಾಡಿದ್ದಾರೆ. ದುಭಾಷಿ ಅಷ್ಟು ಒಳ್ಳೆಯವನಾಗಿರುವುದೂ ಪರೀಕ್ಷಕರಿಗೆ ಒಂದು ಅಪಾಯ. ಎಮ್ಯುಲೇಟರಿನಲ್ಲಿ ಪಾಸಾಯಿತು ಅಂದರೆ ಎಮ್ಯುಲೇಟರಿನಲ್ಲಿ ಪಾಸಾಯಿತು ಅಂತಷ್ಟೇ ಅರ್ಥ. ಅದರಲ್ಲಿ ವೇಗ ಅಳೆಯುವುದಂತೂ ಬೇಡವೇ ಬೇಡ. ಗಿರಾಕಿಯ ಸರ್ವರು ಎಷ್ಟು ಹೊರುತ್ತದೆ ಅನ್ನುವುದಕ್ಕೆ ಅಲ್ಲಿಯ ಸೆಕೆಂಡುಗಳು ಏನನ್ನೂ ಹೇಳುವುದಿಲ್ಲ.

ಈಗ ಪ್ರತಿ ಬದಲಾವಣೆಯ ಟೆಸ್ಟುಗಳನ್ನು ಎರಡೂ ಬಗೆಯ ಸರ್ವರಿನಲ್ಲಿ ಓಡಿಸುತ್ತೇವೆ. ಟೂಲುಗಳ ಕಷ್ಟವೂ ಬಹಳ ಇಳಿದಿದೆ. 2023ರ ಜನವರಿಯಲ್ಲಿ ಡಾಕರ್ ತನ್ನ ಕಂಟೇನರುಗಳಿಗೂ ರೋಸೆಟಾ ಬಳಸುವ ಪ್ರಾಯೋಗಿಕ ಆಯ್ಕೆ ತಂದಮೇಲೆ ಎಸ್‌ಕ್ಯುಎಲ್ ಸರ್ವರು ಎದ್ದು ಕೂತಿತು. ಸೆಲೆನಿಯಂನವರ ಅಧಿಕೃತ ಇಮೇಜುಗಳಲ್ಲೇ ಆರ್ಮ್ ಬಂತು. 2024ರಲ್ಲಿ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು ಬಂದಾಗ ಹೈದರಾಬಾದಿನ, ಚೆನ್ನೈನ ಗೆಳತಿಯರು ಇದೇ ಪುರಾಣವನ್ನು ಮೊದಲಿನಿಂದ ಹೇಳತೊಡಗಿದರು. ಅವರಿಗೆಲ್ಲ ನಾನು ಹೇಳಿದ್ದು ಒಂದೇ: ಹಾಳೆಯಲ್ಲಿ ಕಾರಣದ ಕಾಲಮ್ಮಿಗೆ ಒಂದೇ ಪದ ಬರೆಯಬೇಡಿ.

ಇನ್ನು ಚಕ್ರ ಇನ್ನೊಂದು ಸುತ್ತು ತಿರುಗಲಿದೆ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಕೊನೆಯದು, ಮತ್ತು ಎಲ್ಲ ಪ್ರೋಗ್ರಾಮುಗಳಿಗೂ ಒದಗುವ ರೋಸೆಟಾ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಅಂತ ಆ್ಯಪಲ್ 2025ರಲ್ಲಿ ಹೇಳಿದೆ. ನಾವು ರಾಜಮಾರ್ಗ ಅಂದುಕೊಂಡಿದ್ದ ಇಂಟೆಲ್ ಲ್ಯಾಪ್‌ಟಾಪು ಇನ್ನು ಬೆಂಬಲವಿಲ್ಲದವರ ಸಾಲಿಗೆ ಸೇರುತ್ತದೆ. ಅದನ್ನು ಅಣ್ಣನಿಂದಲೋ ಅಕ್ಕನಿಂದಲೋ ಪಡೆದು ಯಾವುದೋ ಊರಿನಲ್ಲಿ ಯಾರೋ ಕಲಿಯಲು ಕೂರುತ್ತಾರೆ.

ಹುಡುಗನಿಗೆ ನಾನು ಮಾಡಿದ ಅನ್ಯಾಯ ಪೂರ್ತಿ ಸರಿಹೋಗಲಿಲ್ಲ. ನನ್ನ ಅಭಿಪ್ರಾಯ ತಪ್ಪಾಗಿತ್ತು ಅಂತ ಎಚ್‌ಆರ್‌ಗೆ ಕಾರಣಸಮೇತ ಬರೆದುಕೊಟ್ಟೆ. ದಾಖಲೆಗೆ ಸೇರಿಸಿಕೊಂಡರು. ಮೂರು ತಿಂಗಳು ತಡವಾಗಿ ಬಂದ ಸಂಬಳದ ಏರಿಕೆಯನ್ನು ಹಿಂದಿನಿಂದ ಕೊಡುವ ಪದ್ಧತಿ ಇಲ್ಲ ಅಂದರು. ಅವನಿಗೆ ಫೋನು ಮಾಡಿ ತಪ್ಪಾಯಿತು ಅಂದೆ. "ಇರಲಿ ಬಿಡ್ರಿ ಅಕ್ಕಾರ," ಅಂದ. ಸ್ವಲ್ಪ ತಡೆದು, "ಅವತ್ತ ನಾನೂ ಇನ್ನೊಮ್ಮೆ ಹೇಳಬೇಕಾಗಿತ್ತು," ಅಂತ ಸೇರಿಸಿದ. ಇನ್ನೊಮ್ಮೆ ಹೇಳದಂತೆ ಮಾಡಿದವಳು ನಾನು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಮರುವರ್ಷ ಅವನು ಹೈದರಾಬಾದಿನ ಬೇರೆ ಕೆಲಸಕ್ಕೆ ಹೋದ.

ಆ ವ್ಯವಸ್ಥೆಯಲ್ಲಿ ಮುಚ್ಚಿದ ಟಿಕೆಟ್ಟಿನ ಮಾತನ್ನು ಅಳಿಸಲು ಬರುವುದಿಲ್ಲ, ಕೆಳಗೆ ಹೊಸದನ್ನು ಸೇರಿಸಬಹುದು. ನನ್ನ ಎರಡು ವಾಕ್ಯಗಳ ಕೆಳಗೆ ಮೂರನೆಯದು ಬರೆದಿಟ್ಟಿದ್ದೇನೆ: "ವರದಿ ಸರಿಯಾಗಿತ್ತು. ಮುಚ್ಚಿದ್ದು ತಪ್ಪು." ತಂಡಕ್ಕೆ ಹೊಸಬರು ಬಂದರೆ ಮೊದಲ ವಾರ ಆ ಟಿಕೆಟ್ಟು ಓದಲು ಕೊಡುತ್ತೇನೆ. ಮುಚ್ಚಿದವರ ಹೆಸರನ್ನೂ ಓದಿ ಅನ್ನುತ್ತೇನೆ.